ಎಡಗಡೆಯ ಕೆಂಪು ದೀಪ

ಬೆರಳುದ್ದದ ಆ ಮೀನಿಗಾಗಿ ಅವಳು ತೆತ್ತದ್ದು ಮೂರು ವರ್ಷ, ಹೋಗಲಾಗದ ತಂಗಿಯ ಮದುವೆ, ಮತ್ತು ಕನ್ನಡಕದ ಒಂದು ನಂಬರು. ಈಗ ಅದು ಪ್ರಯೋಗಾಲಯದ ತೊಟ್ಟಿಯಲ್ಲಿ ಬಾಲ ಬೀಸಿಕೊಂಡು ನೆಟ್ಟಗೆ ಕೆಂಪು ದೀಪದ ಕೆಳಗೆ ಹೋಗಿ ನಿಂತಿತು. ಹೋಗಬಾರದಿತ್ತು.

ಕೆಂಪನ್ನು ಕಾಣಿಸುವ ಜೀನ್ ಮೀನಿನೊಳಗೆ ಇದ್ದೇ ಇತ್ತು. ಕಣ್ಣಿನ ಪರದೆಯಲ್ಲಿ ಅದನ್ನು ಚಾಲೂ ಮಾಡುವ ಪಕ್ಕದ ಡಿಎನ್ಎ ತುಣುಕನ್ನಷ್ಟೇ ಅವಳು ಕತ್ತರಿಸಿದ್ದಳು. ಬಲ್ಬಿದೆ, ಸ್ವಿಚ್ಚಿಲ್ಲ, ಎಂದು ಅತ್ತೆಗೆ ಬಿಡಿಸಿ ಹೇಳಿದ್ದಳು. ಅಂಥ ಮೀನಿಗೆ ಕೆಂಪು ದೀಪ, ಹಸಿರು ದೀಪ ಎರಡೂ ಒಂದೇ. ಆದರೆ ಕೆಂಪಿನ ಕೆಳಗೆ ಮೇವು ಹಾಕಿ ಕಲಿಸಿದ ಮೇಲೆ ಇದು ತಪ್ಪದೆ ಅಲ್ಲಿಗೇ ಹೋಗುತ್ತಿತ್ತು. ಇನ್ನೊಂದು ವಾರ ನೋಡೋಣ, ಆಮೇಲೆ ತೊಟ್ಟಿ ಬೇರೆಯವರಿಗೆ, ಎಂದು ಗೈಡ್ ಮೇಡಂ ಮೆತ್ತಗೆ ಹೇಳಿದ್ದರು. ಮೆತ್ತಗಿನ ಮಾತೇ ಆಳಕ್ಕೆ ಕುಯ್ಯುವುದು.

ಮನೆಗೆ ಬಂದರೆ ಅಲ್ಲೂ ರಂಪ. ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟಿದ್ದ ಗಂಡ ದರ್ಜಿ, ಹುಟ್ಟಿನಿಂದ ಕೆಂಪು ಹಸಿರಿನ ಭೇದ ಕಾಣದವನು. ಗಿರಾಕಿಯ ಕೆಂಪು ಕೋಟಿಗೆ ಇವತ್ತು ಹಸಿರು ದಾರ ಹಾಕಿ ಹೊಲಿದುಬಿಟ್ಟಿದ್ದ. ಅತ್ತೆ ಕಪಾಟಿನ ಧೂಳು ಒರೆಸಿ, ದಾರದ ರೀಲುಗಳನ್ನು ತಮಗೆ ಚೆಂದ ಕಂಡ ಹಾಗೆ ಜೋಡಿಸಿಟ್ಟಿದ್ದರು.

"ಕಣ್ಣು ಬಿಟ್ಟು ನೋಡೋಕೇನು ಕಷ್ಟ?" ಎಂದರು ಅತ್ತೆ.

"ಈ ಕಣ್ಣು ಕೊಟ್ಟೋಳು ನೀನೇ ಅಂತಾಳೆ ನಿನ್ನ ಸೊಸೆ. ಅಂಗಡಿ ಇಟ್ಟಾಗಿಂದ ಕೆಂಪು ಎಡಗಡೆ ತುದೀಲೇ ಇರೋದು ಕಣಮ್ಮ. ನಾನೇನು ಬಣ್ಣ ನೋಡಿ ತಗೋತೀನಾ? ಕೈ ಹೋದ ಕಡೆ ತಗೋತೀನಿ."

ಚಪ್ಪಲಿ ಬಿಡುತ್ತಿದ್ದವಳು ಒಂಟಿ ಕಾಲಲ್ಲೇ ನಿಂತಳು. "ರೀ, ಏನಂದ್ರಿ? ಇನ್ನೊಂದ್ಸಲ ಹೇಳಿ."

ಪ್ರಯೋಗಾಲಯದಲ್ಲಿ ಕೆಂಪು ದೀಪದ ವೈರು ಗಿಡ್ಡ. ಬಲಗಡೆಗೆ ಎಟುಕುವುದಿಲ್ಲವೆಂದು ಮೊದಲ ದಿನದಿಂದಲೂ ಅದನ್ನು ಎಡಕ್ಕೇ ಸಿಕ್ಕಿಸುತ್ತ ಬಂದಿದ್ದಳು.

ಬೆಳಗ್ಗೆ ವೈರಿಗೆ ಇನ್ನೊಂದು ತುಂಡು ಸೇರಿಸಿ ದೀಪಗಳನ್ನು ಅದಲುಬದಲು ಮಾಡಿದಳು. ಮೊದಲು, ಏನೂ ಕತ್ತರಿಸದ, ಅದೇ ಪಾಠ ಕಲಿತಿದ್ದ ಮಾಮೂಲಿ ಮೀನನ್ನು ಬಿಟ್ಟಳು. ಅದು ಕೆಂಪನ್ನು ಹುಡುಕಿಕೊಂಡು ಬಲಕ್ಕೆ ಬಂತು. ಆಮೇಲೆ ತನ್ನದನ್ನು ಬಿಟ್ಟಳು. ಅದು ಸೀದಾ ಎಡಕ್ಕೆ ಹೋಗಿ, ಹಸಿರು ದೀಪದ ಕೆಳಗೆ ಮೇವಿಗೆ ಬಾಯಿ ತೆರೆದು ನಿಂತಿತು. ಮತ್ತೆ ಮತ್ತೆ ದೀಪ ಬದಲಿಸಿದರೂ ಅದು ಹೋದದ್ದು ಎಡಕ್ಕೇ.

"ಥೇಟ್ ಇವರ ಥರಾನೇ," ಎಂದುಕೊಂಡು ಸ್ಟೂಲಿನ ಮೇಲೆ ಕೂತಳು. ಹೋದ ಜೀವ ಬಂದಂತಾಗಿತ್ತು.

ಸಂಜೆ ಅವನು ಕೋಟಿನ ಹೊಲಿಗೆ ಬಿಚ್ಚುತ್ತಿದ್ದ. ಅವಳು ಪಕ್ಕದಲ್ಲಿ ಕೂತು, ಕೆಂಪನ್ನು ಎಡಗಡೆಯ ತುದಿಗಿಟ್ಟು, ರೀಲುಗಳನ್ನು ಒಂದೊಂದಾಗಿ ಅವನ ಕ್ರಮಕ್ಕೆ ಜೋಡಿಸಿದಳು. ಹಾಳಾದದ್ದು ಅರ್ಧ ರೀಲು ಹಸಿರು ದಾರ. ಉಳಿದದ್ದು ಅವಳ ಮೂರು ವರ್ಷ.