ಬಿಸಿನೆಸ್ ಕ್ಲಾಸಿನ ಕಾಫಿ ಬಟ್ಟಲು

ಹಾಯಿಲ್‌ನಿಂದ ರಿಯಾದ್‌ಗೆ ಹೋಗುವ ಹೆದ್ದಾರಿಯಲ್ಲಿ ಎಲ್ಲಿ ಒಳ್ಳೆಯ ಚಹಾ ಸಿಗುತ್ತದೆ, ಎಲ್ಲಿ ಮರಳು ರಸ್ತೆಗೆ ಏರಿ ಬರುತ್ತದೆ, ಯಾವ ತಿರುವಿನಲ್ಲಿ ಒಂಟೆಗಳು ಅಡ್ಡ ನುಗ್ಗುತ್ತವೆ ಎಂಬುದನ್ನು ಮುದುಕ ಖುಲೈಫ್ ಕಣ್ಣುಮುಚ್ಚಿ ಹೇಳಬಲ್ಲ. ಮೂವತ್ತೊಂದು ವರ್ಷ ಆ ದಾರಿಯಲ್ಲಿ ಲಾರಿ ಓಡಿಸಿದವನು. ರೈಲು ಬಂದು ಎಷ್ಟೋ ವರ್ಷವಾದರೂ ಅದರ ಮೆಟ್ಟಿಲಿಗೆ ಕಾಲಿಟ್ಟಿರಲಿಲ್ಲ. ಈಗ ಬಿಸಿನೆಸ್ ಕ್ಲಾಸಿನಲ್ಲಿ ಹೊರಟಿದ್ದಾನೆ ಎಂದು ಗೊತ್ತಾಗಿದ್ದೇ ತಡ, ಅತಿಥಿಗಳನ್ನು ಕೂರಿಸುವ ಅವನ ಮಜ್ಲಿಸ್‌ನಲ್ಲಿ ದಿನಾ ಸಂಜೆ ಕಾಫಿಗೆ ಸೇರುವ ಗೆಳೆಯರೆಲ್ಲ ಬುದ್ಧಿ ಹೇಳತೊಡಗಿದರು. ಅವರಲ್ಲಿ ಒಬ್ಬನೂ ಅದನ್ನು ಹತ್ತಿದವನಲ್ಲ.

"ಅಲ್ಲಿ ಸೀಟು ಅಂದ್ರೆ ಸೀಟಲ್ಲ ಕಣಯ್ಯ. ಒಂದು ಗುಂಡಿ ಒತ್ತಿದ್ರೆ ಹಾಸಿಗೆ ಆಗ್ಬಿಡತ್ತೆ" ಎಂದ ಒಬ್ಬ.

"ಊಟ ಬಿಸಿಬಿಸಿ ತಂದು ಮುಂದೆ ಇಡ್ತಾರೆ. ಖರ್ಜೂರ ಕೇಳಿದಷ್ಟು" ಎಂದ ಇನ್ನೊಬ್ಬ.

"ಎಲ್ಲಾ ಸರಿ, ಆದ್ರೆ ಗಟ್ಟಿಯಾಗಿ ಮಾತಾಡೋ ಹಾಗಿಲ್ವಂತೆ. ಇವನ ಗಂಟಲಿಗೆ ಮುಂದಿನ ಸ್ಟೇಷನ್ನಲ್ಲೇ ಇಳಿಸಿಬಿಡ್ತಾರೆ ನೋಡು" ಎಂದು ಮೂರನೆಯವನು ಎಲ್ಲರನ್ನೂ ನಗಿಸಿದ.

ಖುಲೈಫ್ ನಗಲಿಲ್ಲ. ಅವನು ಸುಖಪಡಲು ಹೊರಟವನಲ್ಲ, ಬೇಡ ಎನ್ನಲು ಹೊರಟವನು.

ಮೊಮ್ಮಗಳು ಗೈದಾ ಅದೇ ರೈಲಿನ ಬಿಸಿನೆಸ್ ಕ್ಲಾಸ್ ಬೋಗಿಯಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅವಳಿಗೆ ನಾಲ್ಕು ವರ್ಷವಿದ್ದಾಗ ಅಪ್ಪ ನವ್ವಾಫ್ ತೀರಿಕೊಂಡ. ಖುಲೈಫ್‌ನ ಒಬ್ಬನೇ ಮಗ ಅವನು. ರಿಯಾದ್‌ನಿಂದ ಬರುತ್ತಿದ್ದ ಕಾರಿಗೆ ಅದೇ ಹೆದ್ದಾರಿಯಲ್ಲಿ ಒಂಟೆ ಅಡ್ಡ ಬಂದಿತ್ತು. ಅಂದಿನಿಂದ ಹುಡುಗಿಯನ್ನು ಸಾಕಿದ್ದು ಅಜ್ಜ ಅಜ್ಜಿಯೇ. ಓದುವವರೆಗೆ ಎಲ್ಲ ಚೆನ್ನಾಗಿತ್ತು. ಕೆಲಸ ಏನು ಎಂದು ತಿಳಿದ ದಿನ ಮುದುಕ ಕೆಂಡಾಮಂಡಲವಾದ.

"ನನ್ನ ಮೊಮ್ಮಗಳು ಕಂಡಕಂಡೋರಿಗೆ ಕಾಫಿ ಬಗ್ಗಿಸೋ ಕೂಲಿಯವಳಾಗೋದಾ?"

"ನೀವು ದಿನಾ ಬಗ್ಗಿಸ್ತೀರಲ್ಲ ಅಜ್ಜ" ಎಂದಿದ್ದಳು ಗೈದಾ.

"ಅದು ನನ್ನ ಮನೆ. ಬರೋರು ನನ್ನ ಅತಿಥಿಗಳು. ಅದೂ ಇದೂ ಒಂದೇನಾ?"

ಗುಮಾಸ್ತೆಯಾಗಲಿ, ಟೀಚರಾಗಲಿ, ಬೇಕಾದರೆ ವಿಮಾನ ಹಾರಿಸಲಿ. ಸಂಬಳಕ್ಕೆ ಕಾಫಿ ಬಗ್ಗಿಸುವುದು ಮಾತ್ರ ಅವನಿಗೆ ನುಂಗಲಾರದ ಮಾತು. ಈಗ ಕೆಲಸದ ಪರೀಕ್ಷಾವಧಿಯ ಮೂರು ತಿಂಗಳು ಮುಗಿದಿದ್ದವು. ನಾಳೆ ರಿಯಾದ್‌ನ ಕಚೇರಿಯಲ್ಲಿ ಅವಳು ಕಾಯಂ ಕೆಲಸದ ಕಾಗದಕ್ಕೆ ಸಹಿ ಹಾಕಬೇಕು. ಅದಕ್ಕೇ ಅವಳು ಎರಡು ಟಿಕೆಟ್ ತಂದು ಅಜ್ಜನ ಮೊಣಕಾಲ ಮೇಲೆ ಇಟ್ಟಿದ್ದಳು.

"ಒಂದೇ ಒಂದ್ಸಲ ನನ್ನ ಬೋಗಿಲಿ ಬಂದು ಕೂತ್ಕೊಳ್ಳಿ ಅಜ್ಜ. ರಿಯಾದಲ್ಲಿ ಇಳಿಯೋ ಹೊತ್ತಿಗೂ ಬೇಡ ಅನ್ನಿಸಿದ್ರೆ ಬೇಡ ಅನ್ನಿ. ನಾನು ಸಹಿ ಹಾಕಲ್ಲ. ನಿಮ್ಮಾಣೆ."

ಅವಳು ಮಾತಿಗೆ ತಪ್ಪುವವಳಲ್ಲ. ಅದು ಖುಲೈಫ್‌ಗೆ ಗೊತ್ತಿತ್ತು. ಹೆಂಡತಿ ತರ್ಫಾಳಿಗೂ ಗೊತ್ತಿತ್ತು, ಅದಕ್ಕೇ ಅವಳು ವಾರವಿಡೀ ಗಂಡನೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಸ್ಟೇಷನ್ನಿನಲ್ಲಿ ಬಿಸಿನೆಸ್ ಕ್ಲಾಸಿನವರಿಗೇ ಬೇರೆ ಕೋಣೆ, ಮೆತ್ತನೆಯ ಸೋಫಾ, ತಟ್ಟೆ ತುಂಬ ಖರ್ಜೂರ. ಅಲ್ಲಿದ್ದವನೊಬ್ಬ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ತಿಳಿ ಕಾಫಿ ಕೊಟ್ಟ. ಖುಲೈಫ್ ಒಂದೇ ಗುಟುಕಿಗೆ ಕುಡಿದು, ಸಾಕು ಎನ್ನುವಂತೆ ಬಟ್ಟಲನ್ನು ಅಲ್ಲಾಡಿಸಿ ಹಿಂದಕ್ಕೆ ಕೊಟ್ಟ. ಬಟ್ಟಲು ಅಲ್ಲಾಡಿಸುವವರೆಗೆ ಬಗ್ಗಿಸುತ್ತಲೇ ಇರುವುದು ಅವರ ಕಡೆಯ ಪದ್ಧತಿ. ಮೊದಲ ಬಟ್ಟಲಿಗೇ ಅಲ್ಲಾಡಿಸಿದರೆ ಅದು ಬಿಗುಮಾನ.

"ಬರೀ ಹಳದಿ ನೀರು" ಎಂದ.

"ನಿಮ್ಮ ಕೋಪಕ್ಕೆ ಕಾಫಿ ಏನು ಮಾಡತ್ತೆ?" ಎಂದಳು ತರ್ಫಾ, ಮೂರನೆಯ ಬಟ್ಟಲಿಗೆ ಕೈ ಚಾಚುತ್ತ.

ಬೋಗಿಯ ಬಾಗಿಲಲ್ಲಿ ಗೈದಾ ನಿಂತಿದ್ದಳು. ನೀಲಿ ಸಮವಸ್ತ್ರ, ಒಂದು ಕೂದಲೂ ಕಾಣದಂತೆ ಬಿಗಿದ ತಲೆವಸ್ತ್ರ. ಅಜ್ಜ ಎನ್ನಲಿಲ್ಲ, ಅಜ್ಜಿ ಎನ್ನಲಿಲ್ಲ. ಎಲ್ಲರಿಗೂ ಹೇಳುವಂತೆಯೇ "ಬನ್ನಿ, ಸ್ವಾಗತ" ಎಂದಳು. ಕೆಲಸದ ಹೊತ್ತಿನಲ್ಲಿ ಮನೆಯವರೆಂದು ಹೆಚ್ಚು ಉಪಚಾರ ಮಾಡಬಾರದೆಂದು ಅವಳೇ ಹಾಕಿಕೊಂಡ ಕಟ್ಟು ಅದು. ಸರಿಯಾಗಿದೆ ಎಂದುಕೊಂಡ ಖುಲೈಫ್. ಹಾಗೆಂದುಕೊಂಡಿದ್ದಕ್ಕೆ ಅವನಿಗೇ ಸಿಟ್ಟು ಬಂತು.

ಸೀಟು ಅವನ ಲಾರಿಯ ಇಡೀ ಕ್ಯಾಬಿನ್ನಿನಷ್ಟು ಅಗಲವಿತ್ತು. ತರ್ಫಾ ಅದರಲ್ಲಿ ಹತ್ತಿಯ ಮೂಟೆಗೆ ಬಿದ್ದವಳಂತೆ ಮುಳುಗಿ, ಕಂಬಳಿ ಎಳೆದುಕೊಂಡು, "ಅಲ್ಲಾ, ಇಷ್ಟು ವರ್ಷ ನಿಮ್ಮ ಲಾರಿಲಿ ನನ್ನ ಸೊಂಟ ಮುರಿದ್ರಲ್ಲ" ಎಂದು ಬೈದಳು. ಎದುರು ಸೀಟಿನಲ್ಲಿ ಖುಲೈಫ್‌ನಷ್ಟೇ ವಯಸ್ಸಾದವನೊಬ್ಬ ಕೂತಿದ್ದ. ಅಲ್‌ಜೌಫ್‌ನ ಆಲಿವ್ ತೋಟದವನು, ಹೆಸರು ಅಬು ಫಲಾಹ್. ಸಲಾಮ್ ಆಯಿತು, ಆರೋಗ್ಯ ಆಯಿತು, ಒಂಟೆ ಕುರಿಗಳ ಕುಶಲ ಆಯಿತು.

ಖುಲೈಫ್ ಒರಗದೆ ಹಲಗೆಯಂತೆ ನೆಟ್ಟಗೆ ಕೂತ. ಒರಗಿದರೆ ಸೋತಂತೆ. ಆದರೆ ಕೈ ಸುಮ್ಮನಿರಬೇಕಲ್ಲ, ಪಕ್ಕದ ಗುಂಡಿಯ ಮೇಲೆ ಬಿತ್ತು. ಸೀಟು ಮೆಲ್ಲನೆ ಹಿಂದಕ್ಕೆ ವಾಲಿತು. ಕಾಲಡಿಯಿಂದ ಮೆತ್ತೆಯೊಂದು ಮೇಲೆದ್ದು ಅವನ ಎರಡೂ ಪಾದಗಳನ್ನು ಎತ್ತಿ, ಸೀದಾ ಅಬು ಫಲಾಹ್‌ನ ಮುಖಕ್ಕೆ ಹಿಡಿಯಿತು. ಎದುರು ಕೂತವರಿಗೆ ಅಂಗಾಲು ತೋರಿಸುವುದೆಂದರೆ ಬೈದಂತೆಯೇ. ಖುಲೈಫ್ ಬೆವೆತುಹೋದ. ಇನ್ನೊಂದು ಗುಂಡಿ ಒತ್ತಿದ. ಕಾಲು ಇನ್ನೂ ಮೇಲೆ ಹೋಯಿತು.

"ಕ್ಷಮಿಸಬೇಕು ತಮ್ಮಾ, ಇದು ನಾನಲ್ಲ, ಈ ಹಾಳು ಸೀಟು!"

ಅಷ್ಟರಲ್ಲಿ ಗೈದಾ ಪಕ್ಕದಲ್ಲಿದ್ದಳು. ನಗಲಿಲ್ಲ, ಏನಾಯಿತು ಎಂದು ಕೇಳಲಿಲ್ಲ. ಹರಡಿದ ಕಂಬಳಿಯೊಂದನ್ನು ಎರಡು ಸೀಟುಗಳ ನಡುವೆ ಹಿಡಿದು ಪಾದಗಳನ್ನು ಮರೆಮಾಡಿ, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ ಸೀಟನ್ನು ಸರಿಮಾಡಿದಳು. "ಈ ಸೀಟು ಎಲ್ಲರಿಗೂ ಹೀಗೇ ಕಾಟ ಕೊಡತ್ತೆ" ಎಂದು ಇಬ್ಬರಿಗೂ ಕೇಳುವಂತೆ ಹೇಳಿ ಹೋದಳು. ಅಬು ಫಲಾಹ್ ನಕ್ಕ. ಮಾನ ಉಳಿಯಿತು.

ಕಿಟಕಿಯಾಚೆ ಹೆದ್ದಾರಿ ಜೊತೆಜೊತೆಗೇ ಓಡುತ್ತಿತ್ತು. ಲಾರಿಗಳು ಇರುವೆಗಳಂತೆ ಹಿಂದೆ ಬೀಳುತ್ತಿದ್ದವು. ಊಟ ಬಂತು, ಅನ್ನ, ಕುರಿಮಾಂಸ, ಬೆಚ್ಚಗಿನ ರೊಟ್ಟಿ. ದಾರಿಯಲ್ಲಿ ಏನು ಸಿಗುತ್ತದೋ ಎಂದು ತರ್ಫಾ ಕಟ್ಟಿ ತಂದಿದ್ದ ಬುತ್ತಿ ಹಾಗೇ ಉಳಿಯಿತು. ಬಿಸಿ ಟವಲಿನಿಂದ ಕೈ ಒರೆಸುತ್ತ ಖುಲೈಫ್ ಹೊರಗೆ ನೋಡಿದ. ಒಂಟೆಗಳ ಹಿಂಡೊಂದು ಹಳಿಯ ಕಡೆಗೇ ಬರುತ್ತಿತ್ತು. ಅವನ ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತಿತು, ಬ್ರೇಕ್ ಹುಡುಕುವಂತೆ.

"ಬೇಲಿ ಇದೆ ಅಜ್ಜ" ಎಂದಳು ಗೈದಾ ಮೆಲುದನಿಯಲ್ಲಿ. ತಟ್ಟೆ ತೆಗೆಯಲು ಬಂದವಳು ಅವನ ಕಾಲನ್ನು ನೋಡಿದ್ದಳು. "ಎರಡೂ ಕಡೆ, ರಿಯಾದ್‌ವರೆಗೂ. ಇಲ್ಲಿ ಒಂಟೆ ಅಡ್ಡ ಬರಲ್ಲ."

ಅವಳು ಅಜ್ಜ ಎಂದದ್ದು ಆ ದಿನ ಅದೇ ಮೊದಲು. ಖುಲೈಫ್ ನೆಲಕ್ಕೊತ್ತಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡ. ಈ ಹುಡುಗಿ ಊರಿನಲ್ಲಿರುವ ಅಷ್ಟು ಕೆಲಸ ಬಿಟ್ಟು ರೈಲನ್ನೇ ಯಾಕೆ ಹಿಡಿದಳು ಎಂದು ಅವನು ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಆಗಲೇ ಹಿಂದಿನಿಂದ ಟಪ್ ಟಪ್ ಎಂದು ಚಿಟಿಕೆಯ ಸದ್ದು. ಥಳಥಳಿಸುವ ಗಡಿಯಾರ ಕಟ್ಟಿದ್ದ ಯುವಕನೊಬ್ಬ ಕೈ ಎತ್ತಿ, "ಏಯ್, ಇಲ್ಲಿ ಬಾ!" ಎನ್ನುತ್ತಿದ್ದ.

ಖುಲೈಫ್ ಎದ್ದೇಬಿಡುತ್ತಿದ್ದ. ತರ್ಫಾ ಅವನ ತೋಳು ಹಿಡಿದಳು. ಗೈದಾ ಅವಸರವಿಲ್ಲದೆ ಹೋಗಿ ಯುವಕನ ಮುಂದೆ ನಿಂತಳು.

"ಸ್ವಾಗತ ಅಣ್ಣ. ನಮ್ಮಲ್ಲಿಗೆ ಬಂದ ಅತಿಥಿ ಚಿಟಿಕೆ ಹೊಡೆದು ಕರೀಬೇಕಾಯ್ತು ಅಂದ್ರೆ ಕೊರತೆ ನಮ್ಮದೇ. ಏನು ಕಮ್ಮಿ ಆಯ್ತು ಹೇಳಿ, ಈಗಲೇ ಸರಿಮಾಡ್ತೀನಿ."

ಯುವಕನ ಕೈ ಇಳಿಯಿತು. "ಏನಿಲ್ಲಮ್ಮ... ನೀರು. ತೊಂದರೆ ಇಲ್ದಿದ್ರೆ" ಎಂದು ಗೊಣಗಿದ.

ಖುಲೈಫ್ ಕೂತಲ್ಲೇ ತಣ್ಣಗಾದ. ಅದು ಅವನದೇ ಮಾತು. ಹದಿನೈದು ವರ್ಷಗಳ ಹಿಂದೆ ಅವನ ಮಜ್ಲಿಸ್‌ನಲ್ಲಿ ಒಬ್ಬ ಒರಟ ಹೀಗೇ ಚಿಟಿಕೆ ಹೊಡೆದಿದ್ದ. ಅವನಿಗೆ ಖುಲೈಫ್ ಹೇಳಿದ್ದು ಇದನ್ನೇ, ಅಕ್ಷರಕ್ಷರವೂ ಇದನ್ನೇ. ಬಾಗಿಲ ಸಂದಿಯಲ್ಲಿ ಖರ್ಜೂರದ ತಟ್ಟೆ ಹಿಡಿದು ನಿಂತಿದ್ದ ಪುಟ್ಟ ಹುಡುಗಿಯ ಕಿವಿಗೆ ಅದು ಬಿದ್ದಿರಬೇಕು.

ಮನಸ್ಸು ಕರಗುತ್ತಿದೆ ಎಂದು ಮುದುಕನಿಗೆ ತಿಳಿಯಿತು. ತಿಳಿದು ಹೆದರಿದ. ಊರಿನಲ್ಲಿ ನೂರು ಜನರ ಮುಂದೆ ಬೇಡ ಎಂದು ಹೇಳಿ ಬಂದಿದ್ದಾನೆ, ಈಗ ಯಾವ ಮುಖ ಹೊತ್ತು ಹಿಂದಿರುಗುವುದು? ರಿಯಾದ್‌ವರೆಗೆ ಕಾದರೆ ಕೆಲಸ ಕೆಡುತ್ತದೆ. ಈಗಲೇ ಮುಗಿಸಬೇಕು, ಅವಳು ಎದುರಾಡಲಾರದ ಹಾಗೆ ಮುಗಿಸಬೇಕು.

ಅದಕ್ಕೊಂದು ದಾರಿಯಿತ್ತು, ತಾತ ಮುತ್ತಾತಂದಿರ ದಾರಿ. ಏನಾದರೂ ಬೇಡಲು ಬಂದವನು ಕೊಟ್ಟ ಕಾಫಿಯನ್ನು ಕುಡಿಯದೆ ಬಟ್ಟಲನ್ನು ಕೆಳಗಿಡುತ್ತಾನೆ. "ಕುಡಿ, ಕೇಳಿದ್ದು ನಿನ್ನದು" ಎಂದು ಮಾತು ಬರುವವರೆಗೆ ಮುಟ್ಟುವುದಿಲ್ಲ. ಹಾಗೆ ಇಟ್ಟ ಬಟ್ಟಲನ್ನು ತಣ್ಣಗಾಗಲು ಬಿಟ್ಟವರ ಹೆಸರು ಮೂರು ತಲೆಮಾರು ಹಾಳು. ತರ್ಫಾಳನ್ನು ಅವನಿಗೆ ಕೇಳಿದ್ದೂ ಹಾಗೆಯೇ. ಅವನಪ್ಪ ಅವಳಪ್ಪನ ಗುಡಾರದಲ್ಲಿ ಬಟ್ಟಲು ಕೆಳಗಿಟ್ಟು ಕೂತಿದ್ದ.

ಅಲ್‌ಮಜ್ಮಾ ಸ್ಟೇಷನ್ ದಾಟಿದ ಮೇಲೆ ಗೈದಾ ಕಾಫಿ ತಂದಳು. ಎಡಗೈಯಲ್ಲಿ ಕೊಕ್ಕಿನ ಹೂಜಿ, ಬಲಗೈಯಲ್ಲಿ ಬಟ್ಟಲು. ತುಂಬ ಸುರಿಯದೆ, ತಳ ಮುಚ್ಚುವಷ್ಟೇ ಬಗ್ಗಿಸಿ, ಹಿರಿಯನೆಂದು ಮೊದಲು ಅವನಿಗೇ ಕೊಟ್ಟಳು. ತಪ್ಪು ಹುಡುಕಲು ಜಾಗವೇ ಇರಲಿಲ್ಲ. ಖುಲೈಫ್ ಬಟ್ಟಲನ್ನು ತೆಗೆದುಕೊಂಡು ಎದುರಿನ ಮೇಜಿನ ಮೇಲೆ ಇಟ್ಟ. ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡ.

ಗೈದಾಳ ಮುಖ ಬಿಳಿಚಿತು. ಏನು ಕೇಳುತ್ತಾನೆಂದು ಅವಳಿಗೆ ಗೊತ್ತು.

ಮೊದಲು ಬಾಯಿಬಿಟ್ಟವನು ಅಬು ಫಲಾಹ್. ಅಜ್ಜ ಮೊಮ್ಮಗಳೆಂಬುದು ಪಾಪ ಅವನಿಗೇನು ಗೊತ್ತು? ಅವನು ಸೀಟಿನಲ್ಲಿ ನೆಟ್ಟಗಾಗಿ, ಬಟ್ಟಲನ್ನೂ ಹುಡುಗಿಯನ್ನೂ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ಮಗಳೇ, ಹೆದರಬೇಡ, ಮಾತು ಕೊಡು. ಎಪ್ಪತ್ತು ವರ್ಷದಲ್ಲಿ ನಾನು ನೋಡಿರೋದು ಮನೆ ಯಜಮಾನರ ಮುಂದೆ ಇಟ್ಟ ಬಟ್ಟಲು, ಕುಲದ ಹಿರೀಕರ ಮುಂದೆ ಇಟ್ಟ ಬಟ್ಟಲು. ಇಷ್ಟು ಬೆಳ್ಳಗಿನ ಗಡ್ಡದೋರು ನಿನ್ನ ಮುಂದೆ ಇಟ್ಟಿದಾರೆ ಅಂದ್ರೆ, ಈ ಬೋಗಿ ನಿನ್ನ ಮನೆ ಅಂತ ಒಪ್ಪಿದಾರೆ. ನಿನ್ನ ಹೆತ್ತೋರು ಪುಣ್ಯ ಮಾಡಿದ್ರು ಬಿಡು."

ಈ ಮಗ್ಗುಲನ್ನು ಖುಲೈಫ್ ಯೋಚಿಸಿಯೇ ಇರಲಿಲ್ಲ. ಹೆಣ್ಣು ಕೇಳಲಿ, ಕ್ಷಮೆ ಕೇಳಲಿ, ಬಟ್ಟಲು ಇಡುವುದು ಯಜಮಾನರ ಮುಂದೆ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ.

ತರ್ಫಾ ಅವನ ಕಿವಿಯ ಹತ್ತಿರಕ್ಕೆ ಬಾಗಿ, ಎಂದಿನಂತೆ ನವ್ವಾಫ್‌ನ ಅಪ್ಪ ಎಂದೇ ಕರೆದಳು. "ಕೂಲಿಯವಳು ಅಂದ್ರಲ್ಲ ಅಬು ನವ್ವಾಫ್. ಕೂಲಿಯವಳ ಮುಂದೆ ಯಾರಾದ್ರೂ ಬಟ್ಟಲು ಇಡ್ತಾರೇನ್ರೀ?" ಮುಖಪರದೆಯ ಹಿಂದೆ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಕಣ್ಣುಗಳಲ್ಲಂತೂ ಎರಡೂ ಇದ್ದವು.

ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಹಾಗೆ ಯಾರೂ ಮಾಡಿಲ್ಲ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಗೈದಾ ಬೆನ್ನು ನೇರಮಾಡಿ ನಿಂತಳು. ದನಿ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ.

"ಕುಡೀರಿ ಅಜ್ಜ. ನೀವು ಕೇಳಿದ್ದು ನಿಮ್ಮದು."

"ಅಜ್ಜನಾ?" ಎಂದ ಅಬು ಫಲಾಹ್.

ಏನು ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ ಹುಡುಗಿ ಮಾತು ಕೊಟ್ಟಿದ್ದಳು. ಯಜಮಾನರು ಕೊಡಬೇಕಾದ ಹಾಗೆಯೇ, ಚೌಕಾಸಿಯಿಲ್ಲದೆ. ಖುಲೈಫ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ನವ್ವಾಫ್ ಇದ್ದಿದ್ದರೆ ಇವಳನ್ನು ನೋಡಿ ಏನೆನ್ನುತ್ತಿದ್ದ ಎಂದು ಯೋಚಿಸಿದ, ಕಣ್ಣು ತುಂಬಿತು. ಬಟ್ಟಲು ಎತ್ತಿ ಕುಡಿದ. ಕಾಫಿ ಆರಿತ್ತು.

ಈಗ ಕೇಳಬೇಕು. ಗೈದಾ ಕಾಯುತ್ತಿದ್ದಳು. ಇಡೀ ಮೂರು ತಿಂಗಳ ಬೇಡ ಅವನ ನಾಲಿಗೆಯ ತುದಿಯಲ್ಲಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ಏಲಕ್ಕಿ ಸಾಲದು" ಎಂದ.

"ಏನಜ್ಜ?"

"ಕಾಫಿಗೆ ಏಲಕ್ಕಿ ಸಾಲದು ಅಂದೆ. ಬರೀ ನೀರು. ಮುಂದಿನ ಸಲ ಬರೋವಾಗ ಮನೆಯಿಂದ ಏಲಕ್ಕಿ ಕುಟ್ಟಿಸ್ಕೊಂಡು ತರ್ತೀನಿ. ಅದನ್ನ ಹಾಕಿ ಕುದಿಸ್ಬೇಕು. ನಾನು ಕೇಳೋದು ಇಷ್ಟೇ. ಮಾತು ಕೊಟ್ಟಿದೀಯ, ತಪ್ಪೋ ಹಾಗಿಲ್ಲ."

ಗೈದಾ ಕ್ಷಣ ಹೊತ್ತು ಅವನನ್ನೇ ನೋಡಿದಳು. "ಮುಂದಿನ ಸಲ" ಎಂದು ತನಗೇ ಎಂಬಂತೆ ಹೇಳಿಕೊಂಡಳು. ಆಮೇಲೆ ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿದಳು. ಖುಲೈಫ್ ಸೀಟಿಗೆ ಬೆನ್ನು ಕೊಟ್ಟು, ಇಡೀ ದಾರಿಯಲ್ಲಿ ಮೊದಲ ಬಾರಿಗೆ, ತಾನಾಗಿ ಒರಗಿದ. ಖಾಲಿ ಬಟ್ಟಲನ್ನು ಅಲ್ಲಾಡಿಸದೆ ಮುಂದೆ ಹಿಡಿದ. ಅವಳು ಬಗ್ಗಿಸಿದಳು. ಕುಡಿದು ಮತ್ತೆ ಹಿಡಿದ. ಅವಳು ಮತ್ತೆ ಬಗ್ಗಿಸಿದಳು. ನಾಲ್ಕಾಯಿತು, ಐದಾಯಿತು.

"ಸಾಕು, ಬಟ್ಟಲು ಅಲ್ಲಾಡಿಸ್ರೀ. ರಿಯಾದ್ ಬಂತು" ಎಂದು ಗದರಿದಳು ತರ್ಫಾ. "ಹುಡುಗೀನ ನಿಲ್ಲಿಸ್ಕೊಂಡೇ ಇದೀರಲ್ಲ."

"ನಿಂತ್ಕೊಳ್ಳಲಿ ಬಿಡೇ" ಎಂದ ಖುಲೈಫ್, ಬೋಗಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಅವಳ ಕೆಲಸ ಅಲ್ವಾ ಅದು?"