ಯಿಟ್ರಿಯಂ ಕೆಳಗಿನ ಮನೆ

ಸರ್ವಮಂಗಳಾ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಜಯನಗರದ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ವಾರಕ್ಕೆರಡು ದಿನ ಸಿದ್ದಾಪುರದ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋಗಿ ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದರು. ಆವರ್ತ ಕೋಷ್ಟಕ ಅವರಿಗೆ ಕರತಲಾಮಲಕ. ಯಾವ ಧಾತು ಯಾವ ಮನೆಯಲ್ಲಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ಆ ಶಾಲೆಗೆ ಯಾರೋ ದಾನಿಗಳು ಎಂಟು ಕಂಪ್ಯೂಟರ್ ಕೊಡಿಸಿದ್ದರು. ಒಂದು ವೆಬ್‌ಸೈಟ್‌ನಲ್ಲಿ ಆವರ್ತ ಕೋಷ್ಟಕದ ಆಟವಿತ್ತು. ಖಾಲಿ ಬಿಟ್ಟ ಹತ್ತು ಮನೆಗಳಿಗೆ ಧಾತುಗಳನ್ನು ಎಳೆದು ತಂದು ಕೂರಿಸಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಅದರಲ್ಲಿ ಬಂದಷ್ಟೇ ಕಿರುಪರೀಕ್ಷೆಯ ಅಂಕ ಎಂದು ಸರ್ವಮಂಗಳಾ ಹೇಳಿಬಿಟ್ಟರು.

ಅರ್ಪಿತ ಎಂಬ ಹುಡುಗಿ ಬಲು ಚುರುಕು. ಅವಳಿಗೆ ಒಂಬತ್ತೇ ಬಂತು.

"ಮಿಸ್, ಯಿಟ್ರಿಯಂ ಕೆಳಗೆ ಲ್ಯಾಂಥನಂ ಅಂತ ನೀವೇ ಹೇಳ್ಕೊಟ್ಟಿದ್ರಿ. ಇದು ಕೆಂಪು ತೋರಿಸ್ತಿದೆ."

"ನಾನು ಲುಟೀಶಿಯಂ ಹಾಕ್ದೆ ಮಿಸ್, ಹಸಿರು ಬಂತು," ಎಂದಳು ಪಕ್ಕದ ಹೇಮಶ್ರೀ. "ಅಕ್ಕನ ಮೊಬೈಲಲ್ಲಿ ಹಾಗೇ ಇತ್ತು."

ಯಂತ್ರವೇ ತಪ್ಪಿರಬೇಕು ಎಂದುಕೊಂಡು ಸರ್ವಮಂಗಳಾ ಇನ್ನೊಂದು ವೆಬ್‌ಸೈಟ್ ತೆರೆಸಿದರು. ಅಲ್ಲಿ ಲ್ಯಾಂಥನಂ ಇತ್ತು. ಅವರಿಗೆ ಉಸಿರು ಬಂದಂತಾಯಿತು. ಇರಲಿ ಎಂದು ಮೂರನೆಯದನ್ನೂ ತೆರೆಸಿದರೆ, ಆ ಮನೆಯಲ್ಲಿ ಯಾವ ಧಾತುವೂ ಇಲ್ಲ! 57ರಿಂದ 71 ಎಂದು ಬರೆದು, ಲ್ಯಾಂಥನಂನಿಂದ ಲುಟೀಶಿಯಂವರೆಗಿನ ಹದಿನೈದು ಧಾತುಗಳನ್ನು ಒಟ್ಟಿಗೆ ಕೆಳಗಿನ ಸಾಲಿಗೆ ಕಳಿಸಿದ್ದರು. ಹುಡುಗಿಯರು ಅವರ ಮುಖವನ್ನೇ ನೋಡುತ್ತಿದ್ದರು. ನೋಡಿ ಹೇಳುತ್ತೇನೆ ಎಂದು ಅವರು ಚೀಲ ಹಿಡಿದು ಹೊರಟರು.

ಮನೆಗೆ ಬಂದವರೇ ಹಳೆಯ ಸ್ನೇಹಿತರಾದ ಸೇತುರಾಮರಿಗೆ ಫೋನ್ ಮಾಡಿದರು. ಬನಶಂಕರಿಯಲ್ಲಿದ್ದ ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನೇ ಪಾಠ ಮಾಡಿದವರು.

"ಅದು ಹಳೇ ಜಗಳ ಕಣ್ರೀ," ಎಂದರು ಸೇತುರಾಮ. "ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಇದಕ್ಕೇ ಒಂದು ಸಮಿತಿ ಮಾಡ್ತು. ಲುಟೀಶಿಯಂ ಕಡೆ ವಾಲಿದ ವರದಿನೂ ಬಂತು. ಆದ್ರೆ ಅದು ತಾತ್ಕಾಲಿಕ. ಅವರ ಕೋಷ್ಟಕದಲ್ಲಿ ಆ ಮನೇಲಿ 57–71 ಅಂತಷ್ಟೇ ಇದೆ."

"ಹಾಗಾದ್ರೆ ಸರಿ ಯಾವುದು?"

"ಕೇಳಿದ್ರೆ ನಾನೇನು ಹೇಳ್ಲಿ? ನಾನೂ ಲ್ಯಾಂಥನಂ ಅಂತಲೇ ಪಾಠ ಮಾಡ್ದೋನು."

ಸರ್ವಮಂಗಳಾ ಫೋನಿಟ್ಟು ಅಡುಗೆಮನೆಗೆ ಹೋದರು; ಏತಕ್ಕೆ ಹೋದೆ ಎಂಬುದು ಹೊಳೆಯದೆ ವಾಪಸು ಬಂದರು. ಜಗಳವಿದೆ ಎಂದು ತಿಳಿಯದೆಯೇ ಅಷ್ಟು ವರ್ಷ ಕಲಿಸಿದೆನಲ್ಲ, ಇನ್ನೂ ಯಾವ ಯಾವ ಮನೆಗಳು ಹೀಗಿವೆಯೋ ಎಂದು ಅವರಿಗೆ ದಿಗಿಲಾಯಿತು.

ಮುಂದಿನ ತರಗತಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ಇದಿನ್ನೂ ಇತ್ಯರ್ಥ ಆಗಿಲ್ಲ. ನನಗೂ ಗೊತ್ತಿರಲಿಲ್ಲ. ಲ್ಯಾಂಥನಂ ಹಾಕಿದೋರಿಗೂ ಅಂಕ ಉಂಟು, ಲುಟೀಶಿಯಂ ಹಾಕಿದೋರಿಗೂ ಉಂಟು."

"ಪರೀಕ್ಷೇಲಿ ಬಂದ್ರೆ ಏನ್ ಬರೀಬೇಕು ಮಿಸ್?" ಅರ್ಪಿತ ಕೇಳಿದಳು.

"ಪುಸ್ತಕದಲ್ಲಿ ಇರೋದನ್ನ ಬರೀರಿ," ಎಂದರು. ಆ ಮಾತು ಅವರಿಗೇ ರುಚಿಸಲಿಲ್ಲ.

ಆಗ ಕೊನೆಯ ಬೆಂಚಿನ ಶ್ವೇತ ಮೆಲ್ಲಗೆ ಎದ್ದು ನಿಂತಳು. "ನಾನು ಅದನ್ನ ಖಾಲಿ ಬಿಟ್ಟಿದ್ದೆ ಮಿಸ್. ನನಗೂ ಕೊಡ್ತೀರಾ?"

"ಯಾಕೆ ಬಿಟ್ಟೆ?"

"ಗೊತ್ತಿರ್ಲಿಲ್ಲ ಮಿಸ್."

ತರಗತಿ ಗೊಳ್ಳೆಂದು ನಕ್ಕಿತು. ಸರ್ವಮಂಗಳಾ ನಗಲಿಲ್ಲ. ಒಕ್ಕೂಟದವರೂ ಅಲ್ಲಿ ಯಾವ ಧಾತುವನ್ನೂ ಕೂರಿಸಿಲ್ಲ. ಅವರು ಬಿಟ್ಟಿದ್ದಕ್ಕೂ ಇವಳು ಬಿಟ್ಟಿದ್ದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸವಿದೆ ಎಂದು ಬುದ್ಧಿ ಹೇಳಿತು. ಅದೇನೆಂದು ಆ ಹುಡುಗಿಗೆ ತಿಳಿಸಿ ಹೇಳಲು ಸಮಿತಿ, ವರದಿ ಎಂದು ಶುರುಮಾಡಿ ಅರ್ಧಕ್ಕೇ ಬಿಟ್ಟರು.

ಕೊನೆಗೆ ಅಂಕಪಟ್ಟಿ ತೆಗೆದು ಅವಳಿಗೂ ಒಂದು ಸೇರಿಸಿದರು. ಶ್ವೇತ ಸಂತೋಷದಿಂದ ಕೂತಳು. ಅರ್ಪಿತ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಅವರನ್ನೇ ನೋಡುತ್ತಿದ್ದಳು. ತಾನು ಮಾಡಿದ್ದು ನ್ಯಾಯವೋ ಅನ್ಯಾಯವೋ ಸರ್ವಮಂಗಳಾಗೆ ಬಗೆಹರಿಯಲಿಲ್ಲ.