ಒಂಬತ್ತು ಹೆಣಗಳ ಶಾಟ್

"ಸತ್ತೋನು ಕಣ್ಣು ಪಿಳಿಪಿಳಿ ಅನ್ನಿಸ್ತಾನೇನೋ, ಬೋಳಿಮಗನೆ?"

ಬದರಿನಾಥ ಬೂಟುಗಾಲಿನಿಂದ ಲಿಂಗರಾಜನ ಪಕ್ಕೆಗೆ ತಿವಿದ. ಲಿಂಗರಾಜ ಕಂಟೇನರಿನ ತಗಡು ನೆಲದ ಮೇಲೆ ಅಂಗಾತ ಮಲಗಿದ್ದ. ಅವನ ಪಕ್ಕ ನಾನು, ಆಚೆ ಇನ್ನೂ ಏಳು ಜನ. ನಮ್ಮೆಲ್ಲರ ಮುಖಕ್ಕೂ ಬೂದುಬಣ್ಣ ಬಳಿದಿದ್ದರು.

ಸ್ವೀಡನ್ನಿನ ಮಾಲ್ಮೋ ಬಂದರು, ಫೆಬ್ರವರಿ. ಹಡಗಿನಿಂದ ಇಳಿದ ಖಾಲಿ ಕಂಟೇನರುಗಳನ್ನು ತೊಳೆಯುವುದು ನಮ್ಮ ಕೆಲಸ. ಬದರಿನಾಥ ನಮ್ಮ ಕಂಪನಿಯ ಧಣಿ. ನಾನು ನಳಿನಿ. ಕೆಲಸದ ಪರ್ಮಿಟ್ಟಿನ ಕಾಗದದಲ್ಲಿ ಸೂಪರ್‌ವೈಸರ್. ಕೈಯಲ್ಲಿ ಮಾತ್ರ ಆಸಿಡ್ ನೀರಿನ ಪೈಪು. ಸ್ಪೇನಿನವರೊಂದು ಕ್ರೈಮ್ ಸಿನಿಮಾ ತೆಗೆಯಲು ಬಂದಿದ್ದರು. ಅದರ ಕಥೆಯಲ್ಲಿ ಪೊಲೀಸರು ಕಿತ್ತಳೆಹಣ್ಣಿನ ಕಂಟೇನರಿನ ಬಾಗಿಲು ತೆರೆದಾಗ, ಕದ್ದು ಗಡಿ ದಾಟುತ್ತಿದ್ದ ಒಂಬತ್ತು ಜನ ಒಳಗೆ ಸತ್ತುಬಿದ್ದಿರುತ್ತಾರೆ. ಹೆಣಗಳು ಬೇಕೆಂದಾಗ ಬದರಿನಾಥ ನಮ್ಮನ್ನು ಕೊಟ್ಟ. ನಮ್ಮನ್ನು ಕೇಳಲಿಲ್ಲ.

ಬೆಳಗಿನಿಂದ ಐದು ಸಲ ಸತ್ತಿದ್ದೆವು. ಆ ಚಳಿಯಲ್ಲಿ ನಮ್ಮ ಉಸಿರು ಹೊಗೆಯಾಗಿ ಏಳುತ್ತಿತ್ತು; ನಿರ್ದೇಶಕನಿಗೆ ಅದೇ ತಲೆನೋವು.

"ಎಲ್ರೂ ಬಾಯಲ್ಲಿ ಐಸ್ ಇಟ್ಕೊಳ್ಳಿ. ಬಾಯಿ ತಣ್ಣಗಿದ್ರೆ ಹೊಗೆ ಬರಲ್ಲ," ಎಂದು ಬದರಿನಾಥ ಬಕೆಟ್ ಹಿಡಿದು ಬಂದ.

ಲಿಂಗರಾಜ ಎದ್ದು ಕೂತ. ಆಸಿಡ್ಡಿನ ಗಾಳಿ ಕುಡಿದು ಕುಡಿದು ಅವನಿಗೆ ಎರಡು ತಿಂಗಳಿಂದ ಕೆಮ್ಮು. ಕಲಬುರ್ಗಿ ಕಡೆಯವನು, ಎಲ್ಲರ ನಡುವೆ ಬೆಂಗಳೂರಿನ ಮಾತನ್ನೇ ಆಡುತ್ತಿದ್ದ. ಈಗ ಅದು ಮರೆತುಹೋಯಿತು. "ಸರ, ಎದಿ ಹಿಡದಂಗ ಆಗ್ಯಾದ. ನನ್ನ ಬಿಟ್ಟುಬಿಡ್ರಿ."

"ನಿಮ್ಮಪ್ಪ ಊರಲ್ಲಿ ಹೆಣ ಹೊರ್ತಿದ್ದ ಅಂತ ನೀನೇ ಹೇಳಿದ್ದೆ ಅಲ್ವಾ? ನಿಮಗೆ ಇದೆಲ್ಲಾ ಬ್ಲಡ್‌ನಲ್ಲೇ ಇರುತ್ತೆ. ಮಲಗು ಸುಮ್ನೆ."

"ಅವುನ್ಗೆ ಕೆಮ್ಲು ಐತೆ ಸಾರ್, ಐಸು ಬ್ಯಾಡ," ಎಂದೆ ನಾನು.

"ನೀನು ಡಾಕ್ಟರಾ? ಇನ್ನೊಂದು ಟೇಕ್ ಯಾರಿಂದ ಕೆಡುತ್ತೋ ಅವರು ಸೋಮವಾರ ಫ್ಲೈಟ್ ಹತ್ತಿ."

ಅಷ್ಟರಲ್ಲಿ ಫಿಕಾಕ್ಕೆ, ಅಂದರೆ ಕಾಫಿ ವಿರಾಮಕ್ಕೆ, ಕರೆದರು. ಟೆಂಟಿನಿಂದ ಕಾಫಿ, ದಾಲ್ಚಿನ್ನಿ ಬನ್ನಿನ ವಾಸನೆ ಬರುತ್ತಿತ್ತು. ಬಾಗಿಲಲ್ಲಿ ಬದರಿನಾಥ ಕೈ ಅಡ್ಡ ಹಿಡಿದ. "ಈ ಮುಖ ಇಟ್ಕೊಂಡು ಒಳಗೆ ಬಂದ್ರೆ ಯಾರಿಗೆ ತಿನ್ನಕ್ಕಾಗುತ್ತೆ? ಆಚೆನೇ ನಿಲ್ಲಿ." ನಾವು ಕ್ರೇನಿನ ಕೆಳಗೆ ನಿಂತು, ಅವರು ತಿನ್ನುವುದನ್ನು ನೋಡಿದೆವು. ಲಿಂಗರಾಜ ಬಗ್ಗಿ ಕೆಮ್ಮುತ್ತಿದ್ದ.

ಆರನೆಯ ಟೇಕಿಗೆ ಬದರಿನಾಥ ತಾನೇ ಅವನ ದವಡೆ ಅಗಲಿಸಿ ಎರಡು ಐಸ್ ಗಡ್ಡೆ ತುರುಕಿದ. ಬಾಗಿಲು ಮುಚ್ಚಿತು. ಒಳಗೆ ಗಾಢ ಕತ್ತಲೆ.

ಸ್ವಲ್ಪ ಹೊತ್ತಿಗೆ ಲಿಂಗರಾಜನಿಗೆ ಕೆಮ್ಮು ಬಂತು. ಕೆಮ್ಮು ಅರ್ಧಕ್ಕೇ ನಿಂತಿತು. ಆಮೇಲೆ ಗಂಟಲಿನಿಂದ ಕೊರಕ್ ಎಂಬ ಸದ್ದು. ಅವನ ಮುಷ್ಟಿ ತಗಡಿಗೆ ಬಡಿಯಿತು, ಒಂದು, ಎರಡು, ಮೂರು.

ಹೊರಗೆ ಯಾರೋ ಏನೋ ಕೇಳಿದರು. ಬದರಿನಾಥನ ದನಿ ಸ್ಪಷ್ಟವಾಗಿ ಕೇಳಿಸಿತು: "ಡೋಂಟ್ ಓಪನ್. ಹೀ ಈಸ್ ಆಕ್ಟಿಂಗ್."

ಲಿಂಗರಾಜನ ಕೈ ನನ್ನ ತೋಳು ಹಿಡಿಯಿತು. ನಾನು ಅಲುಗಲಿಲ್ಲ. ಸೋಮವಾರದ ಫ್ಲೈಟ್ ನನ್ನ ತಲೆಯಲ್ಲಿತ್ತು. ಅವನು ಇನ್ನೊಮ್ಮೆ ಬಡಿದ. ಹಿಡಿತ ಸಡಿಲವಾಯಿತು.

ಬಾಗಿಲು ತೆರೆದು ಬೆಳಕು ನುಗ್ಗಿತು. ಕ್ಯಾಮೆರಾ ಒಬ್ಬೊಬ್ಬರ ಮೇಲೆ ಹಾದು ಲಿಂಗರಾಜನ ಮುಖದ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಅಷ್ಟು ಹೊತ್ತೂ ನಾನು ಹೆಣವಾಗಿಯೇ ಬಿದ್ದಿದ್ದೆ. ಕಟ್ ಎಂದಾಗ ನಿರ್ದೇಶಕ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ನಾನು ಎದ್ದು ಅವನನ್ನು ಅಲುಗಿಸಿದೆ. ತುಟಿ ನೀಲಿಯಾಗಿತ್ತು. ಹೊರಗೋಡಿ ಎದುರು ನಿಂತಿದ್ದ ಪೊಲೀಸನ ಕೋಟು ಹಿಡಿದು ಜಗ್ಗಿದೆ. ಅವನು ನಕ್ಕು ನನ್ನ ಭುಜ ತಟ್ಟಿದ. ಅವನು ಸ್ಪೇನಿನ ನಟ. ನನ್ನ ಅಳುವನ್ನು ಮೆಚ್ಚಿಕೊಂಡಿದ್ದ.

ಕೊನೆಗೆ ಕ್ರೇನಿನ ಡ್ರೈವರ್ ಇಳಿದು ಬಂದು ಫೋನ್ ಮಾಡಿದ. ಆಂಬುಲೆನ್ಸಿನವರು ಲಿಂಗರಾಜನ ಎದೆ ಒತ್ತಿ ಒತ್ತಿ ನೋಡಿದರು. ಅವನನ್ನು ಹೊತ್ತ ಗಾಡಿ ಸೈರನ್ ಹಾಕದೆ ಹೊರಟಿತು.

ನಿಜವಾದ ಪೊಲೀಸರು ಬಂದರು. ಅವರಲ್ಲೊಬ್ಬಳು ಹೆಂಗಸು ನನ್ನ ಬಳಿ ಬಂದು ಸ್ವೀಡಿಶ್‌ನಲ್ಲಿ ಪ್ರಶ್ನೆ ಕೇಳಿದಳು. ಬದರಿನಾಥ ನಡುವೆ ಬಂದ. ಇವಳಿಗೆ ಭಾಷೆ ಬರುವುದಿಲ್ಲ, ನಾನೇ ತರ್ಜುಮೆ ಮಾಡುತ್ತೇನೆ ಎಂದ. ನನ್ನ ಕಡೆ ತಿರುಗಿ, "ಅವನು ಬಡಿಯೋದು ಕೇಳಿಸ್ತಾ ಅಂತ ಕೇಳ್ತಿದಾಳೆ," ಎಂದ. "ಇಲ್ಲ ಅನ್ನು."

"ಕೇಳಿಸ್ತು. ನಾಕ್ ಸಲ ಬಡುದ."

ಅವನು ಪೊಲೀಸಿನವಳಿಗೆ ಹೇಳಿದ ಸ್ವೀಡಿಶ್ ನನಗೆ ಅರ್ಥವಾಯಿತು. ಏನೂ ಕೇಳಿಸಲಿಲ್ಲವಂತೆ, ಅವನಿಗೆ ಮೊದಲೇ ಕಾಯಿಲೆಯಿತ್ತಂತೆ.

ಮೂರು ತಿಂಗಳು ಭಾಷೆಯ ತರಗತಿಗೆ ಹೋಗಿದ್ದೆ. ಅಲ್ಲಿ ಕಲಿತಿದ್ದಷ್ಟನ್ನು ಒಟ್ಟು ಮಾಡಿ ಮುರುಕು ಸ್ವೀಡಿಶ್‌ನಲ್ಲಿ ಹೇಳಿದೆ: "ಸುಳ್ಳು. ಅವನು ಬಡಿದ. ಇವನು ಕೇಳಿಸಿಕೊಂಡ. ತೆರೆಯಬೇಡಿ ಅಂತ ಇವನೇ ಹೇಳಿದ. ನಾನೂ ಏಳಲಿಲ್ಲ."

ಪೊಲೀಸಿನವಳು ಬದರಿನಾಥನಿಗೆ ದೂರ ನಿಲ್ಲಲು ಹೇಳಿ ನನ್ನ ಹೆಸರು, ಪರ್ಸೊನ್‌ನುಮ್ಮರ್ ಎಂಬ ಅಲ್ಲಿನ ಗುರುತಿನ ಸಂಖ್ಯೆ ಕೇಳಿದಳು.

ಬದರಿನಾಥ ಹೋಗುತ್ತಾ ಕನ್ನಡದಲ್ಲಿ ಮೆಲ್ಲಗೆ ಹೇಳಿದ, "ಹೆಸರು ಬರೆಸಿದ್ರೆ ನಿನ್ನ ಪರ್ಮಿಟ್ ಇವತ್ತೇ ಮುಗೀತು, ನಳಿನಿ."

"ಮುಗೀಲಿ ಬುಡೋ, ಲೌಡಿಮಗನೆ."

ನನ್ನ ಹೆಸರು ಹೇಳಿದೆ. ಲಿಂಗರಾಜನ ಹೆಸರು ಅವಳ ಬಾಯಿಗೆ ಸರಿಯಾಗಿ ಬರಲಿಲ್ಲ. ಪೆನ್ನು ಇಸಿದುಕೊಂಡು ನಾನೇ ಬರೆದೆ.